ಸಾಲು ತಪ್ಪಿ ನಿಂತ ಗುಂಡಿಗಳು

ಹೋದ ವಾರ ನಮ್ಮ ಮನೆಗೆ ಬಣ್ಣ ಹಚ್ಚಲು ಬಂದವನು ಮುಂದಿನ ಕೋಣೆಯ ಗೋಡೆ ಕೆರೆಯುತ್ತ ಕೆರೆಯುತ್ತ ಒಮ್ಮೆಲೇ ಕೈ ನಿಲ್ಲಿಸಿ ನನ್ನನ್ನು ಕರೆದ.

"ಸರ, ಗೋಡಿ ತುಂಬ ಚೌಕ ಚೌಕ ಅಂಟಿನ ಗುರುತು ಅದಾವಲ್ಲ, ಏನ್ ಹಚ್ಚಿದ್ರಿ ಇಲ್ಲೆ?"

"ತತ್ತಿ ಇಡೋ ಟ್ರೇ," ಎಂದೆ.

ಅವನು ನನ್ನ ಹಣೆಯ ವಿಭೂತಿಯನ್ನು ಒಮ್ಮೆ ನೋಡಿದ, ಗೋಡೆಯನ್ನು ಒಮ್ಮೆ ನೋಡಿದ. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು. ಅದು ಸಂಶಯದ ನೋಟ. ಜೀವನದ ಬಹುಭಾಗ ನಾನು ಅದನ್ನು ಬೇರೆಯವರ ಮೇಲೆ ಬೀರುತ್ತಲೇ ಬಂದವನು. ನನ್ನ ಮೇಲೆ ಯಾರಾದರೂ ಬೀರಿದಾಗ ಮಾತ್ರ ಅದು ಎಷ್ಟು ಚುಚ್ಚುತ್ತದೆ ಎಂದು ತಿಳಿಯುತ್ತದೆ. ಅದಕ್ಕೇ ಅವನಿಗೆ ಚಹಾ ತರಿಸಿಕೊಟ್ಟು ಎಲ್ಲವನ್ನೂ ಹೇಳಿದೆ. ಅವನಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ನೀವಾದರೂ ಹಾಗೆ ನೋಡಬೇಡಿ.

ನಾನು ಕುಷ್ಟಗಿಯ ಸಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಸಂಶಯ ನನಗೆ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಬಿಸಿಲಿನಲ್ಲಿ ಹುಡುಗರನ್ನು ನಿಲ್ಲಿಸಿ 'ಸಾವಧಾನ್' ಎಂದ ಕೂಡಲೇ ಒಬ್ಬನಿಗೆ ಹೊಟ್ಟೆನೋವು ಬರುತ್ತದೆ, ಇನ್ನೊಬ್ಬನ ಅಜ್ಜಿ ಸಾಯುತ್ತಾಳೆ. ಅದೇ ಅಜ್ಜಿ ಹಿಂದಿನ ವರ್ಷವೂ ಸತ್ತಿರುತ್ತಾಳೆ. ಇಂಥವರ ನಡುವೆ ಬಾಳಿದವನಿಗೆ ಜಗತ್ತಿನಲ್ಲಿ ಯಾವ ಮಾತನ್ನೂ ಕೇಳಿದ ಹಾಗೆಯೇ ನಂಬುವುದು ಸಾಧ್ಯವಿಲ್ಲ. ಶಿಸ್ತು ಮಾತ್ರ ಅದಕ್ಕೂ ಹಳೆಯದು. ಯಲಬುರ್ಗಾದ ಮಠದ ಬೋರ್ಡಿಂಗಿನಲ್ಲಿ ಓದಿದವನು ನಾನು. ನಸುಕಿನಲ್ಲಿ ಜಾಗಟೆ ಬಾರಿಸುತ್ತಿದ್ದರು. ಜಾಗಟೆಯ ದನಿ ನಿಲ್ಲುವುದರೊಳಗೆ ಚಾಪೆ ಸುತ್ತಿ, ಹೊದೆಯುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಗೋಡೆಗೆ ಇಟ್ಟಿರಬೇಕು. ಮಡಿಕೆಯ ಅಂಚು ಒಂದಕ್ಕೊಂದು ಕೂಡಿರದಿದ್ದರೆ ಆ ದಿನ ರೊಟ್ಟಿ ತಡವಾಗಿ ಸಿಗುತ್ತಿತ್ತು. ಹೊಟ್ಟೆಯಿಂದ ಕಲಿತದ್ದು ಕೈ ಬಿಡುವುದಿಲ್ಲ. ಇಂದಿಗೂ ಯಾರದೇ ಮನೆಗೆ ಹೋಗಲಿ, ಹಾಸಿಗೆ ಮುದುಡಿ ಬಿದ್ದಿದ್ದರೆ ನನ್ನ ಬೆರಳು ತುರಿಸುತ್ತವೆ. ಈ ತುರಿಕೆಯನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಬೋರ್ಡಿಂಗಿನ ಹಿಂದೆ ತಂತಿಯ ಕಂಬವೊಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ನಾವು ಅದಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದೆವು. ಒಳಗೆ 'ಗುಂಯ್' ಎಂದು ಕೇಳುತ್ತಿತ್ತು. ಊರೂರಿನ ಜನ ಮಾತಾಡುವುದು ಅದೇ ಎಂದು ಉಳಿದವರು ನಂಬಿದ್ದರು. ನಾನು ಮಾತ್ರ ಕಂಬದ ಹಿಂದೆ ಹೋಗಿ ಯಾರಾದರೂ ಅಡಗಿ ಕೂತಿದ್ದಾರೆಯೇ ಎಂದು ನೋಡಿ ಬರುತ್ತಿದ್ದೆ. ಕಣ್ಣಿಗೆ ಕಾಣದ ಕಡೆಯಿಂದ ಬರುವ ದನಿಯನ್ನು ನಾನು ಆಗಲೂ ನಂಬಿರಲಿಲ್ಲ.

ನಿವೃತ್ತನಾಗಿ ಕೊಪ್ಪಳದ ಮನೆಗೆ ಬಂದು ಕೂತೆ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಆಫೀಸುಗಳು ಬಂದವು, ಅವುಗಳ ಹಿಂದೆ ಗುಮಾಸ್ತರು ಬಂದರು, ಗುಮಾಸ್ತರಿಗೆ ಬಾಡಿಗೆ ಕೋಣೆ ಬೇಕಾಯಿತು. ನಮ್ಮ ಮುಂದಿನ ಕೋಣೆಯನ್ನು ಸುಣ್ಣ ಬಳಿಸಿ, ಒಬ್ಬ ಅಚ್ಚುಕಟ್ಟಾದ ಸರಕಾರಿ ಮನುಷ್ಯ ಬರಲೆಂದು ಕಾದೆ. ಬಂದವರು ಇಬ್ಬರು ಹುಡುಗರು. ಒಬ್ಬ ಕುಕನೂರು ಕಡೆಯ ಶರಣಪ್ಪ, ಎಲುಬು ಕಾಣುವಷ್ಟು ತೆಳ್ಳಗೆ, ಮಾತು ಜಾಸ್ತಿ. ಇನ್ನೊಬ್ಬ ಗಂಗಾವತಿಯ ಮೆಹಬೂಬ. ಅವನ ತಂದೆ ಅಕ್ಕಿ ಗಿರಣಿಯಲ್ಲಿ ಮಿಸ್ತ್ರಿ. ಇವನು ಮಾತೇ ಆಡುವುದಿಲ್ಲ, ಎದುರಿಗಿದ್ದವರು ಮಾತಾಡುವಾಗ ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ. ಮಾತು ಕೇಳುವಾಗ ಕಣ್ಣು ಮುಚ್ಚುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

"ಏನ್ ಕೆಲಸ ಮಾಡ್ತೀರಿ?" ಎಂದೆ.

"ಮ್ಯೂಸಿಕ್ ರೀ ಸರ," ಎಂದ ಶರಣಪ್ಪ.

"ಏನ್ ಬಾರಸ್ತೀರಿ?"

"ಎಲ್ಲಾನೂ ಬಾರಸ್ತೀವ್ರೀ."

"ವಾದ್ಯ ಎಲ್ಲಿ ಅದಾವ?"

"ಹಿಂದ ಬರಾಕತ್ತಾವ್ರೀ."

ಎಲ್ಲವನ್ನೂ ಬಾರಿಸುವವರು, ಕೈಯಲ್ಲಿ ಒಂದೂ ವಾದ್ಯವಿಲ್ಲ. ನಾನು ಬಾಗಿಲು ಮುಚ್ಚುವವನಿದ್ದೆ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ನೀಲವ್ವ ಬಂದು, "ಹಾಡೋ ಹುಡುಗ್ರು ಇರ್ಲಿ ಬಿಡ್ರಿ, ಮನ್ಯಾಗ ಒಂದೀಟು ಗದ್ಲ ಆಗ್ಲಿ," ಎಂದು ಕೀಲಿ ಕೊಟ್ಟೇಬಿಟ್ಟಳು.

ಹಿಂದೆ ಬಂದ ವಾದ್ಯಗಳನ್ನು ನೋಡಬೇಕಿತ್ತು ನೀವು. ಮೊದಲು ಬಂದದ್ದು ಒಂದು ಟ್ರ್ಯಾಕ್ಟರಿನ ಬ್ಯಾಟರಿ. ಆಮೇಲೆ ಹಳೆಯ ಸೀರೆಯಲ್ಲಿ ಕೂಸಿನ ಹಾಗೆ ಸುತ್ತಿದ್ದ ಕೀಬೋರ್ಡು. ನಂತರ ಮೈಮೇಲೆ ಎಂಟು ಚೌಕಗಳಿದ್ದ ಒಂದು ರಬ್ಬರಿನ ಹಲಗೆ, ಅದನ್ನು ಎರಡು ಕೋಲಿನಿಂದ ಬಡಿದರೆ ಒಂದು ಚೌಕದಲ್ಲಿ ತಬಲಾ, ಇನ್ನೊಂದರಲ್ಲಿ ಹಲಗೆವಾದ್ಯ, ಮತ್ತೊಂದರಲ್ಲಿ ಗಾಜು ಒಡೆದ ಸದ್ದು. ಅದಕ್ಕೆ ಪ್ಯಾಡ್ ಎನ್ನುತ್ತಿದ್ದರು. ಕೊನೆಗೆ ಒಂದು ಸೈಕಲ್ಲಿನ ಹಿಂದೆ ತಲೆಗಿಂತ ಎತ್ತರಕ್ಕೆ ಕಟ್ಟಿಕೊಂಡು ತತ್ತಿಯ ಟ್ರೇಗಳು ಬಂದವು. ಒಂದರಲ್ಲೂ ತತ್ತಿ ಇರಲಿಲ್ಲ.

ಪಕ್ಕದ ಮನೆಯ ವೀರಭದ್ರಪ್ಪ ಅರಿವೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಕಟ್ಟೆಯ ಮೇಲೆ ಕೂತಿರುವವನು. ಸಂಶಯದಲ್ಲಿ ನನಗಿಂತ ಒಂದು ಇಯತ್ತೆ ಮುಂದೆ.

"ಮಾಸ್ತರ, ತತ್ತಿ ಎಲ್ಲಿ ಹೋದ್ವು?" ಎಂದ.

"ಅದ ನಾನೂ ವಿಚಾರ ಮಾಡಾಕತ್ತೀನಿ."

"ಇಷ್ಟು ತತ್ತಿ ಇಬ್ಬರು ತಿಂದಿದ್ರ ಸುಮ್ಮನ ಕುಂದ್ರತಿದ್ದಿಲ್ಲ. ಕುಸ್ತಿ ಹಿಡೀತಿದ್ರು."

ಕೇಳಿದರೆ ಶರಣಪ್ಪ, "ಗ್ವಾಡಿಗೆ ಹಚ್ಚಾಕ್ರೀ, ದನಿ ಬಡದು ಹೊಳ್ಳಿ ಬರಬಾರ್ದು ಅಂತ," ಎಂದ. ಸುಣ್ಣ ಹೊಡೆಸಿದ ನನ್ನ ಗೋಡೆಗೆ ತತ್ತಿಯ ಟ್ರೇ! ಅದರ ಮೇಲೆ ನೀಲವ್ವ ಕೊಟ್ಟ ಕೌದಿಗಳನ್ನು ಕಿಟಕಿಗೂ ಬಾಗಿಲಿಗೂ ತೂಗುಹಾಕಿದರು. ಕೊಪ್ಪಳದ ಬೇಸಿಗೆಯಲ್ಲಿ, ನಾಯಿಗಳು ನೆರಳು ಹುಡುಕುವ ಹೊತ್ತಿನಲ್ಲಿ, ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಇಬ್ಬರು ಒಳಗೆ ಸೇರಿಕೊಳ್ಳುತ್ತಿದ್ದರು. ಹೊರಗೆ ಬಂದಾಗ ಮೈಯೆಲ್ಲ ಬೆವರು, ಕಣ್ಣು ಕೆಂಪು. ಬಾಗಿಲ ಸಂದಿಯಿಂದ ಒಂದು ಹೊಗೆಯ ವಾಸನೆ. ಲೋಬಾನವೂ ಅಲ್ಲ, ಬೀಡಿಯೂ ಅಲ್ಲ. ಮೂಗು ಒಡ್ಡಿ ಪರೀಕ್ಷೆ ಮಾಡಿದೆ. ಕಡಿದುಹೋದ ವಯರುಗಳಿಗೆ ಬೆಸುಗೆ ಹಾಕುವ ರಾಳದ ವಾಸನೆ ಅದು ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ವೀರಭದ್ರಪ್ಪನಿಗೆ ಗಾಂಜಾ, ನನಗೆ ಖೋಟಾ ನೋಟು. ಒಬ್ಬರ ಊಹೆಯನ್ನು ಇನ್ನೊಬ್ಬರು ಒಪ್ಪಲಿಲ್ಲ.

ಟ್ರ್ಯಾಕ್ಟರಿನ ಬ್ಯಾಟರಿ ಒಂದು ಹಾಡಿಗೂ ಸಾಲದು, ಕರೆಂಟು ಹೋದರೆ ಅವರ ಸಂಗೀತ ಮೂಕ. ಬಂದರೆ ತಟ್ಟೆಯಲ್ಲಿನ ಅನ್ನ ಬಿಟ್ಟು ಓಡುತ್ತಿದ್ದರು. ಓಣಿಯವರು ಅವರಿಗೆ 'ಕರೆಂಟ್ ಜೋಡಿ' ಎಂದು ಹೆಸರಿಟ್ಟರು. ಆ ಹೆಸರು ಅವರಿಗೇ ಇಷ್ಟವಾಗಿ ಕ್ಯಾಸೆಟ್ಟಿನ ಮೇಲೂ ಅದನ್ನೇ ಹಾಕಿಸುತ್ತೇವೆ ಎಂದರು.

ಒಂದು ಮುಂಜಾನೆ ನಾನು ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಕೋಣೆಯೊಳಗಿನಿಂದ ಒಂದು ತಾಳ ಕೇಳತೊಡಗಿತು. ನೋಡಿದರೆ ನನ್ನ ಕಾಲು ನನ್ನನ್ನು ಕೇಳದೆ ಅದಕ್ಕೆ ಸರಿಯಾಗಿ ಬೀಳುತ್ತಿವೆ. ನಿಂತೆ. ಕಿವಿಗೊಟ್ಟೆ. ಒಂದು ಪೆಟ್ಟೂ ಹಿಂದಿಲ್ಲ, ಮುಂದಿಲ್ಲ. ವರ್ಷಾನುಗಟ್ಟಲೆ ಮೈದಾನದಲ್ಲಿ ನಿಂತು ಗಂಟಲು ಹರಿದುಕೊಂಡು ನಾನು ಹುಡುಗರಿಂದ ಬಯಸಿದ್ದು ಅದನ್ನೇ. ಸಿಕ್ಕಿರಲಿಲ್ಲ. ಈಗ ಸಿಕ್ಕಿದಾಗ ಮೈ ಜುಮ್ಮೆಂದಿತು. ಇಷ್ಟು ನೆಟ್ಟಗೆ ಬಡಿಯುವವನು ಮನುಷ್ಯನಲ್ಲ ಎನಿಸಿತು.

"ಮಿಷಿನ್ ರೀ ಸರ," ಎಂದ ಶರಣಪ್ಪ. "ಅದು ತಪ್ಪೂದಿಲ್ಲ. ತಪ್ಪೂದಿಲ್ಲ ಅಂತನ ಕೇಳಾಕ ಬ್ಯಾಸರ. ಅದಕ್ಕ ಮೆಹಬೂಬ ಮ್ಯಾಲೆ ಕೈಲೆ ಪ್ಯಾಡ್ ಬಡದು ಒಂದೀಟು ತಪ್ಪು ಕಲಸ್ತಾನ."

"ಬೇಕಂತ ತಪ್ಪು ಮಾಡ್ತಾನ?"

"ಹೂಂನ್ರೀ. ಭಾಳ ಕಷ್ಟದ ಕೆಲಸ ಅದು."

ಸಾಲೆಯ ಹುಡುಗರು ಯಾವ ಶ್ರಮವೂ ಇಲ್ಲದೆ ಮಾಡುತ್ತಿದ್ದದ್ದನ್ನು ಇವನು ಕಷ್ಟದ ಕೆಲಸ ಎನ್ನುತ್ತಾನೆ. ನನ್ನ ಸಂಶಯಕ್ಕೆ ಆ ದಿನ ಇನ್ನೊಂದು ಕಾಲು ಬಂತು.

ಆಮೇಲೆ ಅಡುಗೆಮನೆಯಿಂದ ಸಾಮಾನು ಕಾಣೆಯಾಗತೊಡಗಿದವು. ಹಿಟ್ಟು ನಾದುವ ಪರಾತ ಮುಂಜಾನೆ ಇರಲಿಲ್ಲ, ಸಂಜೆ ಇತ್ತು. ಜೋಳ ಕೇರುವ ಮರ ಎರಡು ದಿನ ಇರಲಿಲ್ಲ. ಕೇಳಿದರೆ ನೀಲವ್ವ, "ಎಲ್ಲಿ ಹೋಗ್ತದ ಬಿಡ್ರಿ, ಬರ್ತದ," ಎನ್ನುವಳು. ಹೀಗೆ ಉತ್ತರ ಕೊಡುವ ಹೆಂಗಸಲ್ಲ ಅವಳು. ಒಂದು ಮಧ್ಯಾಹ್ನ ಮುಂದಿನ ಕೋಣೆಯಿಂದ 'ಸರ್ ಸರ್' ಎಂದು ಜೋಳ ಕೇರುವ ಸದ್ದು ತಾಳದ ಮೇಲೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ನೀಲವ್ವ ಮರ ಹಿಡಿದುಕೊಂಡು ಹೊರಗೆ ಬಂದಳು. ಮುಖವೆಲ್ಲ ಬೆವರು, ತುಟಿಯಲ್ಲಿ ನಗು. ನನ್ನನ್ನು ಕಂಡು, "ಒಳಗ ಸೆಕಿ ಭಾಳ ಐತಿ," ಎಂದಷ್ಟೇ ಹೇಳಿ ಒಳಗೆ ಹೋದಳು. ನನ್ನ ಮನೆಯಲ್ಲಿಯೇ ನನಗೆ ಗೊತ್ತಿಲ್ಲದ ಒಂದು ಕವಾಯತು ನಡೆದಿದೆ ಎಂದು ಆಗ ಖಾತ್ರಿಯಾಯಿತು.

ಕೊನೆಯದು ಹಗೇವಿನ ಸಂಗತಿ. ನಮ್ಮ ಹಿತ್ತಲಲ್ಲಿ ಹಿರಿಯರು ತೋಡಿಸಿದ ಹಗೇವು ಇದೆ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಮೇಲೆ ಬಾಯಿ ಸಣ್ಣದು, ಒಳಗೆ ಒಂದು ಕೋಣೆಯಷ್ಟು ಹೊಟ್ಟೆ. ಈಗ ಖಾಲಿ. ಬಾಯಿಗೆ ಕಲ್ಲು ಮುಚ್ಚಿರುತ್ತದೆ. ಒಂದು ದಿನ ನೋಡಿದರೆ ಕಲ್ಲು ಸರಿಸಲು ನನ್ನ ಹಾರೆ ಬಳಸಿದ್ದಾರೆ, ಬಾವಿಯ ಹಗ್ಗ ಒಳಗೆ ಇಳಿಬಿಟ್ಟಿದ್ದಾರೆ, ಮೆಹಬೂಬ ಬೋರಲು ಮಲಗಿ ಹಗೇವಿನ ಬಾಯಿಗೆ ಕಿವಿ ಇಟ್ಟಿದ್ದಾನೆ.

ವೀರಭದ್ರಪ್ಪ ಗೋಡೆಯ ಮೇಲಿನಿಂದ ತಲೆ ಹಾಕಿ ಪಿಸುದನಿಯಲ್ಲಿ, "ನಾ ಹೇಳಿದ್ನಿಲ್ಲ? ನಿಧಿ! ಆನೆಗೊಂದ್ಯಾಗ ಹಿಂಗ ರಾಯರ ಕಾಲದ ಒಂದು ಬಂಡಿಗಲ್ಲೂ ಬಿಟ್ಟಿಲ್ಲ, ಎಲ್ಲಾದರ ಬುಡಾನೂ ಅಗದಾರ," ಎಂದ.

ಅಷ್ಟರಲ್ಲಿ ನೆಲದೊಳಗಿನಿಂದ ಕೀಬೋರ್ಡಿನ ದನಿ ಬಂತು. ಒಂದು ಸಲ ಅಲ್ಲ, ಒಂದರ ಹಿಂದೆ ಒಂದರಂತೆ ಸಣ್ಣಗಾಗುತ್ತ ಐದಾರು ಸಲ. ವೀರಭದ್ರಪ್ಪನ ತಲೆ ಗೋಡೆಯಿಂದ ಮಾಯವಾಯಿತು.

"ಹಗೇವಿನ್ಯಾಗ ಏನು ನಡಿಸೀರಿ?" ಎಂದು ಗದರಿಸಿದೆ.

"ಎಕೋ ರೀ ಸರ," ಎಂದ ಕೋಣೆಯಿಂದ ಓಡಿ ಬಂದ ಶರಣಪ್ಪ. "ಒಳಗ ಸ್ಪೀಕರ್ ಬಿಟ್ಟೀವಿ, ಮೈಕೂ ಬಿಟ್ಟೀವಿ. ದನಿ ಹೋಗಿ ತಿರುಗಿ ಬರ್ತೈತಿ. ಎಕೋ ಮಿಷಿನ್ ನಮ್ಮ ಹಂತ್ಯಾಕ ಇಲ್ಲ, ನಿಮ್ಮ ಹಗೇವು ಅದಕ್ಕಿಂತ ಛಲೋ ಐತಿ."

"ಹೋಗಿದ್ದು ಯಾಕ ತಿರುಗಿ ಬರಬೇಕು?"

ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ, ಇಳಿದವರು ಮೇಲೆ ಬಂದದ್ದಿಲ್ಲ ಎಂದು ಬೈದೆ. "ಅವ್ವಾರು ಮೊದಲು ದೀಪ ಇಳಿಸಿ ನೋಡ್ಯಾರ್ರೀ, ಯಾರೂ ಇಳಿಯಂಗಿಲ್ಲ ಅಂದಾರ," ಎಂದ. ಮತ್ತೆ ನೀಲವ್ವ! ನನ್ನ ಸಹನೆಯ ಕಟ್ಟೆ ಒಡೆಯಿತು.

"ಅಮಾಸಿಯೊಳಗ ಕೋಣಿ ಖಾಲಿ ಮಾಡ್ರಿ," ಎಂದೆ.

ಶರಣಪ್ಪ ನನಗೆ ಅಡ್ಡ ಬಂದು ನಿಂತ. ಅವರ ಮೊದಲ ಕ್ಯಾಸೆಟ್ಟಿನ ಕೆಲಸ ಮುಗಿಯುವ ಹಂತದಲ್ಲಿತ್ತು. ಹಾಡುವವಳು ತಾವರಗೇರಾದ ಹುಲಿಗೆಮ್ಮ. ಹೊಲದ ಕೆಲಸದ ಹೆಂಗಸು, ಕಳೆ ತೆಗೆಯುವಾಗ ಸಾಲಿನ ತುದಿಗೆ ನಿಂತು ಹಾಡು ಎತ್ತುವವಳು. ಅಮಾವಾಸ್ಯೆ ಆದ ಮರುದಿನ ಅವಳು ಹೆಂಗಸರ ಗುಂಪಿನ ಜೊತೆ ಭತ್ತದ ನಾಟಿಗೆ ಗಂಗಾವತಿ ಕಡೆ ಹೋಗುತ್ತಾಳೆ. ಹೋದರೆ ಕೆಸರು ಬಿಟ್ಟು ಬರುವುದು ಯಾವಾಗಲೋ. ಕ್ಯಾಸೆಟ್ ಕಂಪನಿಯವನು ಅಲ್ಲಿಯವರೆಗೆ ಕಾಯುವುದಿಲ್ಲ ಎಂದು ಹೇಳಿ ಕಳಿಸಿದ್ದ.

"ಒಂದ ದಿನ ರೀ ಸರ. ಆಕೀನ ಕರ್ಕೊಂಡ ಬರ್ತೀವಿ, ಹಾಡಸ್ತೀವಿ, ಅಮಾಸಿಗೆ ಗಂಟು ಕಟ್ತೀವಿ. ಈ ಕ್ಯಾಸೆಟ್ ಹೋತಂದ್ರ ನಾ ಹೊಲಕ್ಕ, ಇವ ಗಿರಣಿಗೆ. ಜೋಡಿ ಮುಗೀತು."

ಮೆಹಬೂಬ ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದ. ಅವನ ಕಣ್ಣು ಪೂರ್ತಿ ತೆರೆದದ್ದನ್ನು ನಾನು ಕಂಡದ್ದು ಆಗಲೇ ಮೊದಲು. "ಅಮಾಸಿ ಅಂದ್ರ ಅಮಾಸಿ," ಎಂದು ಒಳಗೆ ಬಂದೆ.

ಮರುದಿನ ಇಬ್ಬರೂ ಹುಲಿಗೆಮ್ಮನನ್ನು ಕರೆತರಲು ಬಸ್ಸು ಹತ್ತಿದರು. ನಾನು ಎಂದಿನಂತೆ ಮನೆಯ ಸುತ್ತ ಒಂದು ಸುತ್ತು ಹಾಕಿ ಬರುವಾಗ ಮುಂದಿನ ಕೋಣೆಯ ಕಿಟಕಿಯ ಸಂದಿಯಲ್ಲಿ ಕೆಂಪು ದೀಪವೊಂದು ಉರಿಯುವುದು ಕಂಡಿತು. ಮನುಷ್ಯರಿಲ್ಲದ ಕೋಣೆಯಲ್ಲಿ ದೀಪ! ಆರಿಸುವುದು ಮನೆಯ ಯಜಮಾನನ ಕರ್ತವ್ಯ. ಅವರ ಕೋಣೆಗೂ ನಮ್ಮ ಪಡಸಾಲೆಗೂ ನಡುವೆ ಒಂದು ಬಾಗಿಲಿದೆ, ಅಗಳಿ ನಮ್ಮ ಕಡೆಗೆ. ನೀಲವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನಾನು ಸದ್ದಾಗದಂತೆ ಅಗಳಿ ಸರಿಸಿದೆ. ದೀಪ ಆರಿಸಲು ಸದ್ದು ಮಾಡದೆ ಹೋಗುವ ಅಗತ್ಯ ಏನಿತ್ತು ಎಂದು ನೀವು ಕೇಳಬಹುದು. ಕೇಳಬೇಡಿ.

ಒಳಗೆ ಗಾಂಜಾ ಇರಲಿಲ್ಲ, ಖೋಟಾ ನೋಟಿನ ಯಂತ್ರವಿರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು. ಅಸ್ತವ್ಯಸ್ತತೆ. ಕೌದಿಗಳು ನೆಲದ ಮೇಲೆ ಮುದುಡಿ ಬಿದ್ದಿದ್ದವು. ವಯರುಗಳು ಹಾವಿನ ಮರಿಗಳ ಹಾಗೆ ಒಂದರೊಳಗೊಂದು ಹೆಣೆದುಕೊಂಡಿದ್ದವು. ನನ್ನ ಬೆರಳು ತುರಿಸಿದವು. ನೆನಪಿಡಿ ಎಂದಿದ್ದೆನಲ್ಲ, ಅದೇ ತುರಿಕೆ. ಕೌದಿಗಳನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದೆ. ವಯರುಗಳನ್ನು ಯಾವುದನ್ನೂ ಕೀಳದೆ ಗೋಡೆಗುಂಟ ನೆಟ್ಟಗೆ ಹಾಯಿಸಿದೆ.

ಮೇಜಿನ ಮೇಲೆ ಮಿಕ್ಸರ್ ಎಂದು ಅವರು ಕರೆಯುತ್ತಿದ್ದ ಪೆಟ್ಟಿಗೆ ಇತ್ತು. ಅದರಲ್ಲಿ ಎಂಟು ಸೀಳುಗಳು, ಸೀಳಿಗೊಂದರಂತೆ ಮೇಲೆ ಕೆಳಗೆ ಸರಿಯುವ ಗುಂಡಿ. ಅಬ್ಬಾ, ಆ ಸಾಲು! ಒಂದು ಮೇಲೆ, ಒಂದು ಕೆಳಗೆ, ಒಂದು ನಡುವೆ ತೂಕಡಿಸುತ್ತ. ಶನಿವಾರದ ಮುಂಜಾನೆ ಕುಷ್ಟಗಿಯ ಐದನೇ ಇಯತ್ತೆ ಕೂಡ ಅಷ್ಟು ಕೆಟ್ಟದಾಗಿ ನಿಂತಿರಲಿಲ್ಲ. ಮೇಜಿನ ಮೇಲಿದ್ದ ಫೂಟುಪಟ್ಟಿ ತೆಗೆದುಕೊಂಡು, ಅದರ ಅಂಚಿಗೆ ಎಂಟನ್ನೂ ತಂದು ಒಂದೇ ಗೆರೆಗೆ ನಿಲ್ಲಿಸಿದೆ. ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದೆ. ನಿವೃತ್ತಿಯ ನಂತರ ಅಂಥ ಸಮಾಧಾನ ನನಗೆ ಸಿಕ್ಕಿರಲಿಲ್ಲ.

ಇನ್ನು ಕೆಂಪು ದೀಪ. ಅದು ಕೀಬೋರ್ಡಿಗೆ ಜೋಡಿಸಿದ್ದ ಒಂದು ಸಣ್ಣ ಡಬ್ಬಿಯದು. ಆರಿಸುವ ಗುಂಡಿ ಹುಡುಕುತ್ತ ಕೀಬೋರ್ಡಿನ ಒಂದು ಬಿಳಿ ಪಟ್ಟಿ ಒತ್ತಿದೆ.

"ಯಾವನವಾ? ಏನ್ ಮಾಡಾಕತ್ತಿ ಅಲ್ಲೆ?"

ನನ್ನ ದನಿ! ಮೂಲೆಯ ಸ್ಪೀಕರಿನಿಂದ ನಾನೇ ನನ್ನನ್ನು ಗದರಿಸಿದೆ. ಗಾಬರಿಯಲ್ಲಿ ಕೈ ಇನ್ನೊಂದು ಪಟ್ಟಿಯ ಮೇಲೆ ಬಿತ್ತು. "ಸಾಲಿನ್ಯಾಗ ನಿಂದ್ರು!" ಎಂದಿತು. ನಿಂತೆ. ಖರೆಯಾಗಿಯೂ ಕೈ ಇಳಿಬಿಟ್ಟು, ಹಿಮ್ಮಡಿ ಕೂಡಿಸಿ ನಿಂತೆ. ಆಮೇಲೆ ಓಡಿದೆ.

ಪಡಸಾಲೆಯಲ್ಲಿ ನೀರು ಕುಡಿಯುತ್ತಿದ್ದಾಗ ನೀಲವ್ವ ಬಂದಳು.

"ಯಾರ ಜೋಡಿ ಜಗಳಾಡಿದ್ರಿ?"

"ಯಾರ ಜೋಡೀನೂ ಇಲ್ಲ."

"ನಿಮ್ಮ ದನಿ ಕೇಳ್ತು."

"ನಾ ಬಾಯಿ ತೆಗದಿಲ್ಲ," ಎಂದೆ. ಅದು ಅಪ್ಪಟ ಸತ್ಯವಾಗಿತ್ತು, ಆದರೆ ಹೇಳುವಾಗ ನನಗೇ ನಂಬಿಕೆ ಬರಲಿಲ್ಲ.

ಆ ದಿನವಿಡೀ ಒಳಗೊಳಗೇ ಕುದಿದೆ. ನಸುಕಿನಲ್ಲಿ ನಳಕ್ಕೆ ನೀರು ಬಂದಾಗ ಓಣಿಯವರನ್ನು ಸಾಲಿಗೆ ನಿಲ್ಲಿಸಲು ನಾನು ಹಾಕಿದ ಕೂಗನ್ನು ಕಿಟಕಿಯಿಂದ ಹಿಡಿದು ಡಬ್ಬಿಗೆ ತುಂಬಿದ್ದಾರೆ. ನನ್ನ ದನಿಯ ಕಳ್ಳತನವಾಗಿದೆ. ಆದರೆ ಕೇಳುವುದು ಹೇಗೆ? ಕೇಳಿದರೆ, ನಿಮಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಕಳ್ಳರನ್ನು ಹಿಡಿದೂ ಬಾಯಿ ಬಿಡಲಾಗದ ಸ್ಥಿತಿ.

ಮರುದಿನ ಹುಲಿಗೆಮ್ಮ ಬಂದಳು. ಗಟ್ಟಿಮುಟ್ಟು ಹೆಂಗಸು, ಬಾಯಲ್ಲಿ ಎಲೆಯಡಿಕೆ. ನೀಲವ್ವ ಕೊಟ್ಟ ರೊಟ್ಟಿ ತಿಂದು, ಬಾಯಿ ಮುಕ್ಕಳಿಸಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಹಾಡು ಶುರುವಾಯಿತು, ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಒಳಗೆ ಮಾತು ಏರಿತು. ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಬೆವತರೂ ಆ ಇಬ್ಬರು ಜಗಳವಾಡಿದ್ದನ್ನು ನಾನು ಕೇಳಿರಲಿಲ್ಲ. ಈಗ ಶರಣಪ್ಪ, "ನೀನ ಏನರ ಮುಟ್ಟೀದಿ," ಎನ್ನುತ್ತಿದ್ದ. ಮೆಹಬೂಬ, "ಅಲ್ಲಾನ ಆಣಿ, ನಾ ಮುಟ್ಟಿಲ್ಲಲೇ," ಎನ್ನುತ್ತಿದ್ದ. ಮೊದಲು ಹಾಡಿನ ಹಿಂದೆ ತೇಲಿ ಬರುತ್ತಿದ್ದ ಹಗೇವಿನ ದನಿ ಈಗ ಹಾಡನ್ನೇ ನುಂಗಿ ಗುಡುಗುತ್ತಿತ್ತು. ಪ್ಯಾಡು ತಗಡು ಬಡಿದಂತೆ ಕೇಳುತ್ತಿತ್ತು.

ಹುಲಿಗೆಮ್ಮ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

"ನನ್ನ ದನಿ ಏನೂ ಕೆಟ್ಟಿಲ್ಲ ಯಪ್ಪಾ," ಎಂದಳು ನನ್ನನ್ನು ನೋಡಿ. "ಅವರ ಡಬ್ಬಿ ಕೆಟ್ಟೈತಿ. ಹೊತ್ತು ಮುಣುಗೂದ್ರಾಗ ನಾ ಬಸ್ ಹಿಡೀಬೇಕು, ನಾಳಿ ಅಮಾಸಿ, ಮರುದಿನ ನಾಟಿಗೆ ಟ್ರ್ಯಾಕ್ಟರ್ ಹೇಳ್ಯಾರ."

ಆಮೇಲೆ ಇಬ್ಬರೂ ಬಾಗಿಲಲ್ಲಿ ಬಂದು ನಿಂತರು.

"ಸರ," ಎಂದ ಶರಣಪ್ಪ ಬಹಳ ಮೆಲ್ಲಗೆ, "ಕೌದಿ ಎಲ್ಲಾ ನಾಕು ಮಡಿಕಿ ಆಗ್ಯಾವ. ವಯರ್ ಗ್ವಾಡಿಗುಂಟ ನೆಟ್ಟಗ ಅದಾವ. ಮಿಕ್ಸರ್ ಗುಂಡಿ ಎಂಟೂ ಒಂದ ಗೆರಿಗೆ ನಿಂತಾವ. ಕಳ್ಳರು ಬಂದಿದ್ರ ಇಷ್ಟು ಛಲೋ ಮಾಡಿ ಹೋಗ್ತಿದ್ದಿಲ್ರೀ."

ಅಡುಗೆಮನೆಯಲ್ಲಿ ನೀಲವ್ವ ಸೆರಗು ಬಾಯಿಗೆ ಹಿಡಿದ ಸದ್ದು ನನಗೆ ಕೇಳಿತು. ಸಿಕ್ಕಿಬಿದ್ದವನು ಏರಿಹೋಗಬೇಕು, ಅದು ಸಾಲೆಯ ಹುಡುಗರೇ ನನಗೆ ಕಲಿಸಿದ ಪಾಠ.

"ಮೊದಲ ಇದನ್ನ ಹೇಳ್ರಿ. ನನ್ನ ದನಿ ನಿಮ್ಮ ಡಬ್ಬ್ಯಾಗ ಯಾಕೈತಿ? ಯಾರನ್ನ ಕೇಳಿ ತುಂಬಿದ್ರಿ?"

"ನನ್ನ ಕೇಳ್ಯಾರ," ಎಂದು ನೀಲವ್ವ ಹೊರಗೆ ಬಂದಳು. "ನಾ ಹೂಂ ಅಂದೀನಿ."

"ನನ್ನ ದನಿ ಕೊಡಾಕ ನೀ ಯಾರು?"

"ಇಷ್ಟು ವರ್ಷ ಅದನ್ನ ಕೇಳಿದಾಕಿ ನಾನ ಅಲ್ಲೇನ್ರಿ? ಅದರಾಗ ನಂದೂ ಒಂದೀಟು ಪಾಲಿಲ್ಲೇನು?"

ಹುಲಿಗೆಮ್ಮ ಗೊಳ್ಳೆಂದು ನಕ್ಕಳು. ನಾನು ಮಾತು ಬದಲಿಸಿ, "ಗುಂಡಿ ಮತ್ತ ಹೊಳ್ಳಿ ಸರಸ್ಕೋರಿ, ಅದಕ್ಯಾಕ ಇಷ್ಟು ದೊಡ್ಡ ಗದ್ಲ?" ಎಂದೆ.

ಮೆಹಬೂಬ ಬಾಯಿ ತೆರೆದ. "ಯುಗಾದಿಯಿಂದ ಆಕೀ ಹಾಡಿದ ಟೇಪ್ ಹಚ್ಚಿ ಹುಡುಕೀವ್ರೀ ಸರ, ಗುಂಡಿ ನಿಂದ್ರೋ ಆ ಜಾಗಾ. ಒಂದು ಹಗೇವಿನ ದನಿ, ಒಂದು ಅವ್ವಾರ ಮರ, ಒಂದು ಪ್ಯಾಡು... ಯಾವುದು ಎಷ್ಟು ಮ್ಯಾಲಿದ್ರ ಆಕೀ ದನಿ ಕೆಡೂದಿಲ್ಲ ಅಂತ. ಆಕೀ ಹಾಡೂದು, ನಾವ್ ಬಾರಿಸೂದು ಎಲ್ಲಾ ಕೂಡೇ ಟೇಪಿಗೆ ಹೋಗ್ಬೇಕು. ಕಿವೀಲೆ ಮತ್ತ ಹುಡುಕಬೌದು. ಇವತ್ತು ಸಿಗೂದಿಲ್ಲ."

ಅವನು ಅಷ್ಟು ಮಾತಾಡಿದ್ದನ್ನು ಕೇಳಿ ಶರಣಪ್ಪನೇ ಅವನ ಕಡೆ ತಿರುಗಿ ನೋಡಿದ. ಬಿಸಿಲು ಆಗಲೇ ಕಟ್ಟೆಯಿಂದ ಕೆಳಗೆ ಇಳಿದಿತ್ತು. ಹುಲಿಗೆಮ್ಮ ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾನು ಕೋಣೆಯೊಳಗೆ ಹೋದೆ. ಎಲ್ಲರೂ ಹಿಂದೆ ಬಂದರು. ಮಿಕ್ಸರಿನ ಮುಂದೆ ನಿಂತೆ. ಎಂಟೂ ಗುಂಡಿಗಳು ಒಂದೇ ಗೆರೆಗೆ, ಕಣ್ಣಿಗೆ ಹಬ್ಬವಾಗುವಂತೆ ನಿಂತಿದ್ದವು. ಅವನ್ನು ಕೆಡಿಸಬೇಕಿತ್ತು.

ನೋಡಿ, ಸಾಲು ಸರಿಮಾಡುವವನು ಮೊದಲು ಕಲಿಯುವುದು ತಪ್ಪನ್ನು ನೋಡುವುದನ್ನು. ನೆಟ್ಟಗೆ ನಿಂತವನು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಡೊಂಕಾಗಿ ನಿಂತವನು ಮಾತ್ರ ಬೀಳುತ್ತಾನೆ, ಬಿದ್ದರೆ ಹೋಗುವುದಿಲ್ಲ. ಯಾವ ವರ್ಷ ಯಾವ ಹುಡುಗ ಭುಜ ಬಾಗಿಸಿ ನಿಂತಿದ್ದ ಎಂದು ಈಗಲೂ ಹೇಳಬಲ್ಲೆ, ಅವನ ಹೆಸರು ಮಾತ್ರ ಮರೆತಿರುತ್ತದೆ. ಕಣ್ಣು ಮುಚ್ಚಿದೆ. ಫೂಟುಪಟ್ಟಿ ಮುಟ್ಟಿಸುವ ಮೊದಲಿನ ಆ ಕೆಟ್ಟ ಸಾಲು ಎದುರಿಗೆ ಬಂದು ನಿಂತಿತು.

"ಮೊದಲನೇದು ಎದಿ ಮಟ್ಟ," ಎಂದೆ. ಮೆಹಬೂಬ ಗುಂಡಿ ಸರಿಸಿದ. "ಎರಡನೇದು ಮೊಣಕಾಲು. ಇನ್ನೊಂದೀಟು ಕೆಳಗ. ಹಾಂ, ನಿಂದ್ರು. ಮೂರನೇದು ನಡಾ. ನಾಕನೇದು ಮೂರನೇದರ ಹೆಗಲ ಮ್ಯಾಲೆ ಕೈ ಇಟ್ಟಂಗ, ಸೊಲ್ಪ ಮ್ಯಾಲೆ."

ಒಂದೊಂದೇ ಗುಂಡಿ ಸಾಲು ಬಿಟ್ಟು ತನ್ನ ಡೊಂಕು ಜಾಗಕ್ಕೆ ಹೋಯಿತು. ಏಳನೆಯದಕ್ಕೆ ಬಂದೆ.

"ಏಳನೇದು..." ಎಂದು ನಿಲ್ಲಿಸಿದೆ.

"ಅದು ನಿಮ್ಮ ದನೀದು ರೀ ಸರ," ಎಂದ ಶರಣಪ್ಪ. "ಭಾಳ ಸಣ್ಣಗ ಇಟ್ಟಿದ್ವಿ ಅನ್ನಿಸ್ತೈತಿ. ಹಿಂದೆಲ್ಲೋ ದೂರದಾಗ ಕೇಳ್ದಂಗ."

"ಗದ್ದದ ಮಟ್ಟ," ಎಂದೆ.

ಮೆಹಬೂಬ ಗುಂಡಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ. ಕಣ್ಣು ಪೂರ್ತಿ ತೆರೆದಿತ್ತು. "ಗದ್ದದ ಮಟ್ಟ ರೀ?"

"ಗದ್ದ ಅಂದ್ರ ಗದ್ದ. ಸಾಲು ನೋಡಿದವ ನಾನೋ, ನೀನೋ?"

ಗುಂಡಿ ಮೇಲೆ ಹೋಯಿತು. ಎಂಟನೆಯದನ್ನೂ ಹೇಳಿ ಹೊರಗೆ ಬಂದೆ. ಬಾಗಿಲು ಮುಚ್ಚಿತು. ಹುಲಿಗೆಮ್ಮ ಹಾಡಿದಳು. ಹಗೇವಿನ ದನಿ ಅವಳ ಬೆನ್ನಿಗೆ ನಿಂತಿತು, ಡಬ್ಬಿಯಲ್ಲಿ ತುಂಬಿಟ್ಟಿದ್ದ ನೀಲವ್ವನ ಮರದ ಸದ್ದು ಅವಳ ಪಕ್ಕಕ್ಕೆ ಬಂತು, ಪ್ಯಾಡು ಬೇಕೆಂದೇ ಒಂದಿಷ್ಟು ತಪ್ಪುತ್ತ ಮುಂದೆ ನಡೆಯಿತು. ಈ ಸಲ ಹಾಡು ನಡುವೆ ನಿಲ್ಲಲಿಲ್ಲ. ಕಟ್ಟೆಯ ಮೇಲೆ ನನ್ನ ಕಾಲು ಅಲ್ಲಾಡುತ್ತಿದೆಯೇ ಎಂದು ನೀಲವ್ವ ನೋಡುತ್ತಿದ್ದಾಳೆಂದು ತಿಳಿದು ಕಾಲ ಮೇಲೆ ಕಾಲು ಹಾಕಿಕೊಂಡು ಕೂತೆ. ಹೊತ್ತು ಮುಳುಗುವ ಮೊದಲೇ ಹುಲಿಗೆಮ್ಮ ಬಸ್ಸು ಹಿಡಿದಳು.

ಅಮಾವಾಸ್ಯೆ ಬಂತು, ಹೋಯಿತು. ನಾನು ಯಾವ ಅಮಾವಾಸ್ಯೆ ಎಂದು ಹೇಳಿರಲಿಲ್ಲ ಎಂದು ನೀಲವ್ವ ವಾದ ಮಾಡಿದಳು. ಹೇಳಿರಲಿಲ್ಲವೆಂಬುದು ನಿಜ. ಕರೆಂಟ್ ಜೋಡಿ ಇನ್ನೂ ಎಷ್ಟೋ ಅಮಾವಾಸ್ಯೆಗಳನ್ನು ನಮ್ಮ ಕೋಣೆಯಲ್ಲಿ ಕಳೆದು, ಆಮೇಲೆ ಗಂಗಾವತಿಯಲ್ಲಿ ಸ್ವಂತ ಸ್ಟುಡಿಯೋ ಮಾಡಿಕೊಂಡು ಹೋಯಿತು. ಅಲ್ಲಿ ಎಕೋ ಮಷೀನು ಇದೆಯಂತೆ. ನಮ್ಮ ಹಗೇವಿನಷ್ಟು ಬರುವುದಿಲ್ಲ ಎಂದು ಮೆಹಬೂಬ ಹೇಳಿಕಳಿಸಿದ್ದ. ಬಾಡಿಗೆದಾರರ ಹೊಗಳಿಕೆಯನ್ನು ನಾನು ನಂಬುವುದಿಲ್ಲ.

ಆ ಕ್ಯಾಸೆಟ್ ಗಂಗಾವತಿಯ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ, ಮದುವೆಯ ಹಂದರಗಳಲ್ಲಿ ಓಡಿತು. ಹುಲಿಗೆಮ್ಮ ಎತ್ತರದ ದನಿಯಲ್ಲಿ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ, ಯಾರೂ ಊಹಿಸದಷ್ಟು ದೊಡ್ಡದಾಗಿ, "ಯಾವನವಾ? ಏನ್ ಮಾಡಾಕತ್ತಿ ಅಲ್ಲೆ?" ಎಂದು ಕೇಳುತ್ತದೆ. ಕುಣಿಯುತ್ತಿದ್ದವರು ಒಂದು ಗಳಿಗೆ ಬೆಚ್ಚಿ ನಿಂತು, ನಕ್ಕು, ಮತ್ತೆ ಕುಣಿಯುತ್ತಾರೆ. ಹಾಡಿಗಿಂತ ಅದಕ್ಕಾಗಿಯೇ ಜನ ಅದನ್ನು ಮತ್ತೆ ಮತ್ತೆ ಹಾಕಿಸಿದರೆಂದು ವೀರಭದ್ರಪ್ಪ ಹೇಳುತ್ತಾನೆ. ಪ್ರತಿ ಸಲ ಕೇಳಿದಾಗಲೂ ನೀಲವ್ವ ನನ್ನ ಕಡೆ ನೋಡುತ್ತಾಳೆ.

ಇಷ್ಟನ್ನೂ ಬಣ್ಣದವನು ಕೆರೆಯುವುದು ನಿಲ್ಲಿಸಿ ಕೇಳಿದ. ಚಹಾದ ಲೋಟ ಕೆಳಗಿಟ್ಟ.

"ಸರ, ಒಂದ ಮಾತು. ಖರೇನ ಆ ಗುಂಡಿ ಗದ್ದದ ಮಟ್ಟ ಇತ್ತೇನ್ರಿ?"

"ಆ ಮೂಲ್ಯಾಗ ಇನ್ನಾ ಅಂಟು ಉಳದೈತಿ," ಎಂದೆ. "ಸರಿಯಾಗಿ ನೋಡಿ ಕೆರಿ."